ಕಾಡಿಗೆ ಬೆಲೆ ಕಟ್ಟಬಹುದೇ?

ನಿಮ್ಮ ಮನೆಯ ಹಿತ್ತಿಲಲ್ಲಿ ದೊಡ್ಡದೊಂದು ಹಲಸಿನ ಮರವಿದೆಯೆಂದು ಭಾವಿಸಿ. ಮರದ ವ್ಯಾಪಾರಿಯೊಬ್ಬ ಬರುತ್ತಾನೆ. ಕಾಂಡದ ಸುತ್ತಳತೆ ನೋಡುತ್ತಾನೆ, ಎತ್ತರ ಅಂದಾಜು ಮಾಡುತ್ತಾನೆ, ಒಂದು ಬೆಲೆ ಹೇಳುತ್ತಾನೆ. ಆ ಬೆಲೆಯಲ್ಲಿ ಮೋಸವೇನೂ ಇರಲಿಕ್ಕಿಲ್ಲ. ಆದರೆ ಪ್ರತಿ ಬೇಸಿಗೆಯಲ್ಲಿ ಮಕ್ಕಳು ಕೈಗೆ ಎಣ್ಣೆ ಹಚ್ಚಿಕೊಂಡು ಬಿಡಿಸುವ ಹಣ್ಣು ಅದರಲ್ಲಿ ಸೇರಿಲ್ಲ. ಮಳೆಗಾಲಕ್ಕೆಂದು ಮಾಡಿಡುವ ಹಪ್ಪಳ, ಉಪ್ಪುನೀರಿನಲ್ಲಿ ಹಾಕಿಡುವ ಸೊಳೆ, ನೆರೆಮನೆಗೆ ಕಳಿಸುವ ಪಾಲು, ಮಧ್ಯಾಹ್ನದ ನೆರಳು ಇವೊಂದೂ ಸೇರಿಲ್ಲ. ವ್ಯಾಪಾರಿ ಬೆಲೆ ಕಟ್ಟಿದ್ದು ನಾಟಾಕ್ಕೆ ಮಾತ್ರ.

ಇದು ಒಂದು ಮರದ ಲೆಕ್ಕ. ಇಡೀ ಕಾಡಿಗೆ ಇದೇ ಪ್ರಶ್ನೆ ಹಾಕಿದರೆ? ಅಮೆಜಾನ್, ಕಾಂಗೋ, ಬೋರ್ನಿಯೋ, ನಮ್ಮ ಪಶ್ಚಿಮ ಘಟ್ಟ - ಹೀಗೆ ಭೂಮಧ್ಯರೇಖೆಯ ಆಚೀಚೆ ಹಬ್ಬಿರುವ ಉಷ್ಣವಲಯದ ಕಾಡುಗಳು ನೆಲದ ಸಣ್ಣ ಪಾಲನ್ನಷ್ಟೇ ಆವರಿಸಿವೆ. ಆದರೆ ನೆಲದ ಮೇಲಿನ ಜೀವಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲೆಸಿರುವುದು ಅಲ್ಲಿಯೇ. ಗಣಿ, ಅಣೆಕಟ್ಟು, ರಸ್ತೆ, ತೋಟ ಎಂದು ಈ ಕಾಡಿನ ಒಂದೊಂದೇ ತುಂಡನ್ನು ಕೇಳುತ್ತಾ ಜನ ಬರುತ್ತಲೇ ಇದ್ದಾರೆ. ಕೇಳುವವನ ಕೈಯಲ್ಲಿ ಲಾಭದ ಲೆಕ್ಕವಿರುತ್ತದೆ. ಕಾಡಿನ ಪರವಾಗಿ ಮಾತಾಡುವವನ ಕೈಯಲ್ಲಿ ಏನಿರಬೇಕು? ಅವನೂ ಒಂದು ಲೆಕ್ಕಪುಸ್ತಕ ಹಿಡಿಯಬೇಕೇ? ಅಥವಾ ಕೆಲವು ವಿಷಯಗಳು ಲೆಕ್ಕಕ್ಕೆ ಹೊರತಾದವು ಎಂದು ಹೇಳಬೇಕೇ?

ಕಡಿದರೆ ಒಮ್ಮೆ, ಉಳಿಸಿದರೆ ವರ್ಷ ವರ್ಷ

ಲೆಕ್ಕಪುಸ್ತಕ ಹಿಡಿದವರ ಕಥೆಯನ್ನೇ ಮೊದಲು ನೋಡೋಣ. ದಕ್ಷಿಣ ಅಮೆರಿಕದ ಪೆರು ದೇಶದ ಮಿಶಾನಾ ಎಂಬಲ್ಲಿ ಮೂವರು ಸಂಶೋಧಕರು ಅಮೆಜಾನ್ ಕಾಡಿನ ಒಂದು ಹೆಕ್ಟೇರ್ (ಸುಮಾರು ಎರಡೂವರೆ ಎಕರೆ) ಜಾಗದ ಮರಗಳನ್ನು ಒಂದೊಂದಾಗಿ ಎಣಿಸಿದರು. 1989ರಲ್ಲಿ ಅವರ ವರದಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಒಂದು ಹೆಕ್ಟೇರಿನ ಹಣ್ಣು ಮತ್ತು ರಬ್ಬರ್ ಹಾಲನ್ನು ಮಾರಿದರೆ, ಖರ್ಚು ಕಳೆದು ವರ್ಷಕ್ಕೆ ಸುಮಾರು 420 ಡಾಲರ್ ಕೈಗೆ ಬರುತ್ತದೆ. ಮರಗಳನ್ನೆಲ್ಲ ಒಮ್ಮೆಗೇ ಕಡಿದು ಮಾರಿದರೆ ಸಿಗುವುದು ಸುಮಾರು 1,000 ಡಾಲರ್, ಅದೂ ಒಂದೇ ಸಲ. ಅಂದರೆ ಮೂರು ವರ್ಷ ಸುಮ್ಮನೆ ಕಾದರೆ ಕೊಡಲಿಯ ಆದಾಯವನ್ನು ಹಣ್ಣಿನ ಬುಟ್ಟಿ ಹಿಂದೆ ಹಾಕುತ್ತದೆ. ಕಾಡು ಕಡಿಯುವುದು ಪಾಪ ಎಂದಷ್ಟೇ ಅಲ್ಲ, ಅದು ದಡ್ಡತನವೂ ಹೌದು ಎಂದು ಹೇಳಲು ಪರಿಸರವಾದಿಗಳಿಗೆ ಒಂದು ಅಂಕಿ ಸಿಕ್ಕಿತು.

ಆದರೆ ಇದರಲ್ಲೊಂದು ಎಡವಟ್ಟು ಇದೆ. ಮಿಶಾನಾಕ್ಕೆ ಹತ್ತಿರದಲ್ಲಿ ಇಕಿಟೋಸ್ ಎಂಬ ಪಟ್ಟಣದ ಮಾರುಕಟ್ಟೆಯಿದೆ. ಪೇಟೆಗೆ ವಾರಗಟ್ಟಲೆ ದಾರಿಯಿರುವ ಕಾಡಿನ ಹಣ್ಣನ್ನು ಯಾರು ಕೊಳ್ಳುತ್ತಾರೆ? ಎಲ್ಲರೂ ಹಣ್ಣು ತಂದು ಸುರಿದರೆ ಬೆಲೆ ನಿಲ್ಲುತ್ತದೆಯೇ?

ಇನ್ನೊಂದು ಎಡವಟ್ಟನ್ನು ನಮ್ಮ ಉತ್ತರ ಕನ್ನಡದಲ್ಲೇ ಕಾಣಬಹುದು. ಘಟ್ಟದ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆ ಹಣ್ಣಿನ ಒಣಸಿಪ್ಪೆಯನ್ನು ಜನ ಹಿಂದಿನಿಂದಲೂ ಹುಳಿಗಾಗಿ ಬಳಸುತ್ತಿದ್ದರು. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಮಾತ್ರೆಗಳಿಗೆ ಈ ಸಿಪ್ಪೆಯ ಸತ್ವ ಬೇಕೆಂದು ವಿದೇಶದಿಂದ ಬೇಡಿಕೆ ಬಂತು. ಬೆಲೆ ಏರಿತು. ಬಡ ಕುಟುಂಬಗಳಿಗೆ ಮಳೆಗಾಲದಲ್ಲಿ ನಾಲ್ಕು ಕಾಸು ಕಂಡಿತು, ಇದು ಒಳ್ಳೆಯದೇ. ಆದರೆ ಹಣ್ಣಾಗುವವರೆಗೆ ಕಾದರೆ ಬೇರೆಯವರು ಕೊಯ್ದುಬಿಡುತ್ತಾರೆ ಎಂಬ ಪೈಪೋಟಿಯಲ್ಲಿ ಎಳೆಕಾಯಿಗಳನ್ನೇ ಕಿತ್ತರು, ಕೊಂಬೆಗಳನ್ನೇ ಮುರಿದರು. ಸುರಿಯುವ ಮಳೆಯಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಸೌದೆಯನ್ನೇ ಉರಿಸಿದರು. ಬೆಲೆ ಇಲ್ಲದ್ದಕ್ಕೆ ಕಾಡು ಹಾಳಾಗುತ್ತದೆ ಎನ್ನುವುದು ನಿಜ. ಬೆಲೆ ಬಂದದ್ದಕ್ಕೂ ಅದು ಹಾಳಾಗಬಹುದು!

ಬಿಲ್ಲು ಕಳಿಸದ ಉಪಕಾರ

ಪೇಟೆಗೆ ಬಾರದ ಉಪಕಾರಗಳ ಮಾತು ಬೇರೆಯೇ. ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಾಗಗಳಿವೆ. ಆಗುಂಬೆಯಲ್ಲಿ 7,000 ದಾಟುತ್ತದೆ. ಇಷ್ಟು ಮಳೆ ಬೋಳು ಗುಡ್ಡದ ಮೇಲೆ ಬಿದ್ದರೆ ಮಣ್ಣಿನ ಸಮೇತ ಕೊಚ್ಚಿಕೊಂಡು ಹೋಗುತ್ತದೆ. ದಟ್ಟ ಕಾಡಿನಲ್ಲಿ ಎಲೆಗಳ ಚಪ್ಪರ ಹನಿಯ ರಭಸ ತಡೆಯುತ್ತದೆ, ನೆಲದ ದರಗು ಅದನ್ನು ಹೀರುತ್ತದೆ, ಬೇರುಗಳ ದಾರಿಯಲ್ಲಿ ನೀರು ಒಳಗಿಳಿಯುತ್ತದೆ. ಜೂನ್-ಜುಲೈಯ ಆ ನೀರೇ ಫೆಬ್ರವರಿ-ಮಾರ್ಚ್‌ನಲ್ಲಿ ಹಳ್ಳವಾಗಿ ಹರಿಯುತ್ತದೆ.

ಮಂಗಳೂರಿನ ಮನೆಗಳ ನಲ್ಲಿಗೆ ಬರುವ ನೀರು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನದ್ದು. ನೇತ್ರಾವತಿಯೂ ಅದರ ಉಪನದಿಗಳೂ ಘಟ್ಟದ ಕಾಡಿನಲ್ಲೇ ಹುಟ್ಟಿದವು. 2016 ಮತ್ತು 2019ರ ಬೇಸಿಗೆಗಳಲ್ಲಿ ಆ ನಗರದಲ್ಲಿ ನೀರಿಗೆ ರೇಷನ್ ಬಂದಾಗ ಕೊಡ ಹಿಡಿದು ಕಾದವರು ಬಹುಪಾಲು ಮಹಿಳೆಯರು. ತಿಂಗಳ ನೀರಿನ ಬಿಲ್ಲನ್ನು ಬಿಡಿಸಿ ನೋಡಿ. ಅದರಲ್ಲಿ ಪಂಪಿನ ಖರ್ಚಿದೆ, ಪೈಪಿನ ಖರ್ಚಿದೆ, ಸಿಬ್ಬಂದಿಯ ಸಂಬಳವಿದೆ. ನೀರನ್ನು ಎಂಟು ತಿಂಗಳು ಹಿಡಿದಿಟ್ಟ ಕಾಡಿನ ಹೆಸರಿನಲ್ಲಿ ಒಂದು ಪೈಸೆಯೂ ಇಲ್ಲ.

1997ರಲ್ಲಿ ರಾಬರ್ಟ್ ಕೋಸ್ಟಾಂಜಾ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು ಈ ಬಿಲ್ಲನ್ನು ಬರೆಯಲು ಹೊರಟರು. ನೀರು ಹಿಡಿದಿಡುವುದು, ಮಣ್ಣು ಕಾಯುವುದು, ಹವೆಯನ್ನು ತಂಪಾಗಿಡುವುದು, ಪರಾಗಸ್ಪರ್ಶ ಮುಂತಾದವನ್ನೆಲ್ಲ ಕೂಡಿಸಿ, ಇಡೀ ಭೂಮಿಯ ಪ್ರಕೃತಿ ನಮಗೆ ಮಾಡುವ ಉಪಕಾರ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಿದರು. ಆಗ ಜಗತ್ತಿನ ಎಲ್ಲ ದೇಶಗಳ ಒಟ್ಟು ಉತ್ಪನ್ನ ಸುಮಾರು 18 ಲಕ್ಷ ಕೋಟಿ ಡಾಲರ್ ಇತ್ತು. ಇಷ್ಟು ದೊಡ್ಡ ಮೊತ್ತವನ್ನು ಯಾರು ಯಾರಿಗೆ ಕೊಡುವುದು ಎಂದು ಅನೇಕ ಅರ್ಥಶಾಸ್ತ್ರಜ್ಞರು ತಕರಾರು ತೆಗೆದರು. ತಕರಾರು ನ್ಯಾಯವಾದದ್ದೇ. ಆದರೂ ಆ ಅಂಕಿ ಒಂದು ಕೆಲಸ ಮಾಡಿತು. ಅಲ್ಲಿಯತನಕ ಸರಕಾರಗಳ ಲೆಕ್ಕದಲ್ಲಿ ಸೊನ್ನೆಯಾಗಿದ್ದ ವಿಷಯ ಸೊನ್ನೆಯಲ್ಲ ಎಂದು ತೋರಿಸಿಕೊಟ್ಟಿತು.

ಜೇನುನೊಣಗಳ ಬೆಲೆ ಇಳಿದದ್ದು

ಹಾಗಾದರೆ ಸರಿಯಾಗಿ ಬೆಲೆ ಕಟ್ಟಿಬಿಟ್ಟರೆ ಕಾಡು ಉಳಿಯುತ್ತದೆಯೇ? ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ನಡೆದದ್ದು ಈ ಪ್ರಶ್ನೆಗೆ ಒಳ್ಳೆಯ ಉತ್ತರ.

ಅಲ್ಲೊಂದು ದೊಡ್ಡ ಕಾಫಿ ತೋಟ. ಪಕ್ಕದಲ್ಲಿ ಎರಡು ತುಂಡು ಕಾಡು. 2004ರಲ್ಲಿ ಟೇಲರ್ ರಿಕೆಟ್ಸ್ ಎಂಬ ಸಂಶೋಧಕ ಮತ್ತು ಸಂಗಡಿಗರು ಒಂದು ಸಂಗತಿಯನ್ನು ಅಳೆದು ತೋರಿಸಿದರು. ಕಾಡಿನಿಂದ ಸುಮಾರು ಒಂದು ಕಿಲೋಮೀಟರ್ ಒಳಗಿನ ಗಿಡಗಳಲ್ಲಿ ಫಸಲು 20 ಶೇಕಡಾ ಹೆಚ್ಚು. ಕಾರಣ, ಆ ಕಾಡುಗಳಲ್ಲಿ ವಾಸಿಸುವ ಜೇನುನೊಣಗಳು. ಆ ನೊಣಗಳ ದುಡಿಮೆಯಿಂದ ಒಂದೇ ತೋಟಕ್ಕೆ ವರ್ಷಕ್ಕೆ ಸುಮಾರು 60,000 ಡಾಲರ್ ಲಾಭ. ನಮ್ಮ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಇದು ಹೊಸ ಸುದ್ದಿಯಲ್ಲ. ರೊಬಸ್ಟಾ ಗಿಡಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಹೂಮಳೆ ಬಿದ್ದು ತೋಟ ಬಿಳಿಯಾದಾಗ ಹೆಜ್ಜೇನು ಮುತ್ತುವುದನ್ನು ಅವರು ಕಂಡೇ ಇರುತ್ತಾರೆ.

ಕಾಡಿಗೆ ಬೆಲೆ ಕಟ್ಟಿದರೆ ಕಾಡು ಉಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ ಎಂದು ಎಲ್ಲರೂ ಕೊಂಡಾಡಿದರು. ಆದರೆ ಕಾಫಿಯ ದರ ಕುಸಿದಿತ್ತು. ಆ ತೋಟದವರು ಕಾಫಿ ಗಿಡಗಳನ್ನು ಕಿತ್ತು ಅನಾನಸು ನೆಟ್ಟರು. ಅನಾನಸಿಗೆ ಜೇನುನೊಣದ ಹಂಗಿಲ್ಲ. 60,000 ಡಾಲರ್ ಬೆಲೆಯಿದ್ದ ನೊಣಗಳ ಬೆಲೆ ಆ ತೋಟದ ಮಟ್ಟಿಗೆ ಸೊನ್ನೆಯಾಯಿತು! 2006ರಲ್ಲಿ ಡಗ್ಲಸ್ ಮೆಕಾಲಿ ಎಂಬ ಜೀವಶಾಸ್ತ್ರಜ್ಞ ಇದನ್ನು ಎತ್ತಿ ತೋರಿಸಿ ಎಚ್ಚರಿಸಿದರು. ನೊಣಗಳು ಬದಲಾಗಿರಲಿಲ್ಲ, ಕಾಡೂ ಬದಲಾಗಿರಲಿಲ್ಲ, ಬದಲಾದದ್ದು ಪೇಟೆಯ ದರ. ನಮಗೆ ಲಾಭವಿದೆ ಎಂಬ ಒಂದೇ ಕಾರಣಕ್ಕೆ ಉಳಿಸಿದ ಕಾಡನ್ನು, ಲಾಭ ನಿಂತ ದಿನ ಕಡಿಯಲು ಯಾವ ಅಡ್ಡಿಯೂ ಇರುವುದಿಲ್ಲ.

ಚದರಡಿಗೆ 15 ರೂಪಾಯಿ

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಕಾಡಿಗೆ ಕಾನೂನುಬದ್ಧವಾಗಿಯೇ ಒಂದು ಬೆಲೆ ಇದೆ. ಕೇರಳದ ನಿಲಂಬೂರಿನ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ ಅವರು ನೀಲಗಿರಿಯ ಗೂಡಲೂರು ಭಾಗದ ಕಾಡಿನ ನಾಶ ನೋಡಲಾರದೆ 1995ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆ ಬೆಳೆದು ಇಡೀ ದೇಶದ ಅರಣ್ಯಗಳ ಮೊಕದ್ದಮೆಯಾಯಿತು. ಅದರಲ್ಲೇ 2002ರ ಅಕ್ಟೋಬರ್ ಕೊನೆಯಲ್ಲಿ ನ್ಯಾಯಾಲಯ ಒಂದು ಆದೇಶ ಕೊಟ್ಟಿತು. ಗಣಿಗೋ ಅಣೆಕಟ್ಟಿಗೋ ಕಾಡು ಪಡೆಯುವವರು, ಆ ಕಾಡು ಮುಂದೆ ಕೊಡಬಹುದಾಗಿದ್ದ ಉಪಕಾರಗಳ ಇಂದಿನ ಮೌಲ್ಯವನ್ನು ಒಂದು ಬಾರಿಗೆ ಕಟ್ಟಬೇಕು ಎಂದಿತು. ಬಳಿಕ ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ನೇತೃತ್ವದ ಸಮಿತಿ ಲೆಕ್ಕದ ವಿಧಾನವನ್ನು ಪರಿಶೀಲಿಸಿತು. 2008ರಲ್ಲಿ ಅತಿ ದಟ್ಟವಾದ ನಿತ್ಯಹರಿದ್ವರ್ಣ ಕಾಡಿಗೆ ಹೆಕ್ಟೇರಿಗೆ 10.43 ಲಕ್ಷ ರೂಪಾಯಿ ನಿಗದಿಯಾಯಿತು. 2022ರಲ್ಲಿ ಅದನ್ನು ಸುಮಾರು 15.95 ಲಕ್ಷಕ್ಕೆ ಏರಿಸಲಾಯಿತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಇದರ ಹಲವು ಪಟ್ಟು ದರ.

ಕೇಳಲು ದೊಡ್ಡ ಮೊತ್ತ. ಆದರೆ ಮನೆ ಕಟ್ಟಿಸಿದವರು ನೀವಾಗಿದ್ದರೆ ಚದರಡಿಯ ಲೆಕ್ಕದಲ್ಲಿ ನೋಡಿ. ಒಂದು ಹೆಕ್ಟೇರ್ ಎಂದರೆ ಒಂದು ಲಕ್ಷ ಚದರಡಿಗೂ ಮಿಕ್ಕಿದ್ದು. 15.95 ಲಕ್ಷವನ್ನು ಭಾಗಿಸಿದರೆ ಚದರಡಿಗೆ ಸುಮಾರು 15 ರೂಪಾಯಿ! ಈ ದರಕ್ಕೆ ನಿಮ್ಮ ನಡುಮನೆಗೆ ಹಾಕುವ ಟೈಲ್ಸ್ ಕೂಡಾ ಸಿಗುವುದಿಲ್ಲ.

ಇಷ್ಟು ಕಡಿಮೆ ಹೇಗಾಯಿತು? ಇಂಥ ಎಲ್ಲ ಲೆಕ್ಕಗಳ ಒಳಗೆ ಒಂದು ಸಣ್ಣ ಸೂತ್ರ ಕೂತಿರುತ್ತದೆ. ನಾಳೆಯ ನೂರು ರೂಪಾಯಿ ಇಂದಿನ ನೂರಕ್ಕಿಂತ ಕಡಿಮೆ ಎನ್ನುವ ಸೂತ್ರ ಅದು. ಬ್ಯಾಂಕಿನ ಬಡ್ಡಿಯ ಲೆಕ್ಕವನ್ನು ತಲೆಕೆಳಗು ಮಾಡಿದ ಹಾಗೆ. ವರ್ಷಕ್ಕೆ 5 ಶೇಕಡಾದಂತೆ ಹಿಂದಕ್ಕೆ ಕಳೆಯುತ್ತಾ ಬಂದರೆ, 100 ವರ್ಷಗಳ ನಂತರ ಕಾಡು ಕೊಡಲಿರುವ ಒಂದು ಲಕ್ಷ ರೂಪಾಯಿಯ ಉಪಕಾರಕ್ಕೆ ಇಂದಿನ ಬೆಲೆ ಬರೇ 760 ರೂಪಾಯಿ. ಅಂಗಡಿಯ ಬಂಡವಾಳಕ್ಕೆ ಈ ಸೂತ್ರ ಸರಿ. ಆದರೆ ಅದೇ ಸೂತ್ರದಲ್ಲಿ ನಿಮ್ಮ ಮೊಮ್ಮಗನ ಮಗಳ ಬಾಯಾರಿಕೆ ನಿಮ್ಮ ಬಾಯಾರಿಕೆಯ ನೂರನೇ ಒಂದು ಪಾಲಿಗಿಂತಲೂ ಕಡಿಮೆ! ಇದು ಗಣಿತದ ವೇಷದಲ್ಲಿ ಬಂದಿರುವ ಒಂದು ನೈತಿಕ ತೀರ್ಮಾನ. ಇನ್ನೂ ಹುಟ್ಟದವರು ಅದನ್ನು ಪ್ರಶ್ನಿಸಲಾರರು. ಹುಟ್ಟಿದ ನಾವು ಪ್ರಶ್ನಿಸಬೇಕು.

ಹಣ ಬಂದಿಲ್ಲವೆಂದಲ್ಲ. ಹೀಗೆ ಸಂಗ್ರಹವಾದ ನಿಧಿಯಿಂದ 2019ರಲ್ಲಿ ಕೇಂದ್ರ ಸರಕಾರ ರಾಜ್ಯಗಳಿಗೆ ಹಂಚಿದ್ದೇ 47,000 ಕೋಟಿಗೂ ಹೆಚ್ಚು. ಆದರೆ ಆ ಹಣದಿಂದ ಏನು ಕೊಳ್ಳಬಹುದು? ಸಸಿ ಕೊಳ್ಳಬಹುದು, ಗುಂಡಿ ತೋಡಿಸಬಹುದು, ಬೇಲಿ ಹಾಕಿಸಬಹುದು. ಮಲೆನಾಡಿನ ರಸ್ತೆಗಳ ಬದಿಯಲ್ಲಿ ಸಾಲು ಸಾಲಾಗಿ ನಿಂತ ಅಕೇಶಿಯಾ ನೆಡುತೋಪುಗಳನ್ನು ನೀವು ನೋಡಿರಬಹುದು. ಒಂದೇ ಜಾತಿ, ಒಂದೇ ಎತ್ತರ. ಕಡಿದ ಕಾಡಿನಲ್ಲಿದ್ದ ನೂರಾರು ಜಾತಿಯ ಮರ, ಬಳ್ಳಿ, ಕಪ್ಪೆ, ಅಣಬೆಗಳನ್ನು ಯಾವ ನರ್ಸರಿಯೂ ಮಾರುವುದಿಲ್ಲ.

ಕುದುರೆಮುಖದಲ್ಲಿ ತೂಗಿದ್ದು ಏನನ್ನು?

ವಿಶೇಷವೆಂದರೆ ಕಾಡಿಗೆ ದರ ಕಟ್ಟಲು ಹೇಳಿದ ಅದೇ ಅಕ್ಟೋಬರ್ ಕೊನೆಯಲ್ಲಿ ಅದೇ ನ್ಯಾಯಾಲಯ, ನಮ್ಮ ರಾಜ್ಯದ ಒಂದು ಕಾಡಿನ ವಿಷಯದಲ್ಲಿ ದರದ ಮಾತನ್ನು ಬದಿಗಿಟ್ಟಿತು.

ಭದ್ರಾ ನದಿಯ ಉಗಮದ ಬಳಿ, ಕುದುರೆಮುಖದ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ತೆಗೆಯಲು ಕೇಂದ್ರ ಸರಕಾರ 1976ರಲ್ಲಿ ಕಂಪೆನಿ ಸ್ಥಾಪಿಸಿತು. ಅದಿರು ಇರಾನಿಗೆ ಹೋಗಬೇಕಿತ್ತು. ಅಲ್ಲಿ 1979ರ ಕ್ರಾಂತಿಯಾಗಿ ಆ ಒಪ್ಪಂದ ಮುರಿದುಬಿತ್ತು. ಆದರೂ ಗಣಿ ನಡೆಯಿತು, ಬೇರೆ ದೇಶಗಳಿಗೆ ಅದಿರು ಹೋಯಿತು, ವಿದೇಶಿ ವಿನಿಮಯ ಬಂತು, ಸಾವಿರಾರು ಕುಟುಂಬಗಳಿಗೆ ಅನ್ನ ಸಿಕ್ಕಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಸಿಂಗಳೀಕಗಳ ಕಾಡಿನೊಳಗೆ ಗುಡ್ಡ ಅಗೆಯುವ ಯಂತ್ರಗಳು! ಮಳೆಗಾಲದಲ್ಲಿ ಭದ್ರೆ ಗಣಿಮಣ್ಣಿನಿಂದ ಕೆಂಪಾಗಿ ಹರಿಯುವುದನ್ನು ಕಂಡು ಕೆಳಗಿನ ಊರುಗಳ ರೈತರು ದನಿಯೆತ್ತಿದರು.

1999ರಲ್ಲಿ ಗಣಿ ಗುತ್ತಿಗೆಯ ಅವಧಿ ಮುಗಿದಾಗ ಮುಂದುವರಿಸಬೇಕೆಂಬ ಒತ್ತಡ ಬಂತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರು ಮಾಡಿದ್ದ ಕೆ.ಎಂ. ಚಿಣ್ಣಪ್ಪ ಅವರು ಸುಪ್ರೀಂ ಕೋರ್ಟಿಗೆ ಹೋದರು. ಇನ್ನಷ್ಟು ಹಣ ಕಟ್ಟಿ ಗಣಿ ಮುಂದುವರಿಸಿ ಎಂದು ನ್ಯಾಯಾಲಯ ಹೇಳಲಿಲ್ಲ. 2005ರ ಕೊನೆಯೊಳಗೆ ನಿಲ್ಲಿಸಿ ಎಂದಿತು. ಗಣಿ ನಿಂತಿತು.

ಈ ಬಗೆಯ ತೀರ್ಪುಗಳ ಹಿಂದೆ ಒಂದು ಸರಳ ತತ್ವವಿದೆ. 1996ರಲ್ಲಿ ಹಿಮಾಚಲದ ಬಿಯಾಸ್ ನದಿಯ ದಂಡೆಯನ್ನು ಹೋಟೆಲೊಂದಕ್ಕೆ ಬಿಟ್ಟುಕೊಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿತ್ತು. ನದಿ, ಕಾಡು, ಕಡಲತೀರಗಳಿಗೆ ಸರಕಾರ ಮಾಲಕನಲ್ಲ, ಜನರ ಪರವಾಗಿ ಅದನ್ನು ಕಾಯುವ ವಿಶ್ವಸ್ಥ ಮಾತ್ರ. ನಮ್ಮ ಮನೆಗಳಲ್ಲಿ ಅಮಾನತ್ ಎಂಬ ಪದದ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೆರೆಯವರು ನಂಬಿ ಇಟ್ಟುಹೋದ ಚಿನ್ನಕ್ಕೆ ಒಳ್ಳೆಯ ದರ ಬಂತೆಂದು ನೀವು ಅದನ್ನು ಮಾರುತ್ತೀರಾ? ಅದರ ಪೇಟೆ ದರ ನಿಮಗೆ ಗೊತ್ತಿರಬಹುದು, ಗೊತ್ತಿರಬೇಕು ಕೂಡಾ - ಭದ್ರವಾಗಿ ಕಾಯುವುದಕ್ಕೋಸ್ಕರ. ಮಾರುವುದಕ್ಕೋಸ್ಕರ ಅಲ್ಲ.

ತ್ಯಾಗ ಯಾರದ್ದು?

ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. ಗಣಿ ನಿಂತಾಗ ಕುದುರೆಮುಖದ ತುಂಬಿದ ಊರು ಬಹುಮಟ್ಟಿಗೆ ಖಾಲಿಯಾಯಿತು. ರಾಷ್ಟ್ರೀಯ ಉದ್ಯಾನವಾದ ಮೇಲೆ ತಲೆಮಾರುಗಳಿಂದ ಅಲ್ಲೇ ಬದುಕಿದ್ದ ಮಲೆಕುಡಿಯರಂಥ ಸಮುದಾಯಗಳು ಒಕ್ಕಲೆಬ್ಬಿಸುವ ಭೀತಿಯಲ್ಲಿ ದಿನ ದೂಡಬೇಕಾಯಿತು. ಕಾಡಿನ ತಂಪು ನಗರದವರಿಗೆ, ಅದನ್ನು ಉಳಿಸುವ ನಷ್ಟ ಕಾಡಿನ ಅಂಚಿನ ಬಡವರಿಗೆ ಎಂದಾದರೆ ಅದೆಂಥ ನೀತಿ? 2006ರ ಅರಣ್ಯ ಹಕ್ಕು ಕಾಯ್ದೆ ಬಂದದ್ದು ಈ ತಪ್ಪನ್ನು ತಿದ್ದುವುದಕ್ಕಾಗಿಯೇ.

ದೇಶ ದೇಶಗಳ ನಡುವೆಯೂ ಇದೇ ಪ್ರಶ್ನೆ ಇದೆ. ದಕ್ಷಿಣ ಅಮೆರಿಕದ ಬಡ ದೇಶ ಇಕ್ವೆಡಾರ್‌ನಲ್ಲಿ ಯಾಸುನಿ ಎಂಬ ಕಾಡಿದೆ. ಅಲ್ಲಿನ ಒಂದೇ ಹೆಕ್ಟೇರಿನಲ್ಲಿ 600ಕ್ಕೂ ಹೆಚ್ಚು ಜಾತಿಯ ಮರಗಿಡಗಳನ್ನು ಗುರುತಿಸಿದ್ದಾರೆ. ಹೊರ ಜಗತ್ತಿನ ಸಂಪರ್ಕವೇ ಬೇಡವೆಂದು ದೂರವಿರುವ ಬುಡಕಟ್ಟುಗಳೂ ಅಲ್ಲಿವೆ. ಅದರ ಅಡಿಯಲ್ಲಿ ತೈಲವಿದೆ. 2007ರಲ್ಲಿ ಅಲ್ಲಿನ ಅಧ್ಯಕ್ಷ ರಫೇಲ್ ಕೊರೆಯಾ ಜಗತ್ತಿನ ಮುಂದೆ ಒಂದು ಪ್ರಸ್ತಾಪವಿಟ್ಟರು. ತೈಲದ ಮೌಲ್ಯದ ಅರ್ಧದಷ್ಟು, ಅಂದರೆ 360 ಕೋಟಿ ಡಾಲರ್, ನೀವೆಲ್ಲ ಸೇರಿ ಕೊಡಿ. ನಾವು ತೈಲವನ್ನು ನೆಲದೊಳಗೇ ಬಿಡುತ್ತೇವೆ ಎಂದರು. ಎಲ್ಲರೂ ಹೊಗಳಿದರು. 2013ರವರೆಗೆ ಕೈಗೆ ಬಂದದ್ದು ಸುಮಾರು 1.3 ಕೋಟಿ ಡಾಲರ್ ಮಾತ್ರ. ಯೋಜನೆ ಕೈಬಿಟ್ಟರು, 2016ರಲ್ಲಿ ತೈಲ ತೆಗೆಯತೊಡಗಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರ ಆಗಸ್ಟ್‌ನಲ್ಲಿ ಇದೇ ವಿಷಯಕ್ಕೆ ಇಕ್ವೆಡಾರ್‌ನಲ್ಲಿ ಜನಮತ ಸಂಗ್ರಹ ನಡೆಯಿತು. ಶೇಕಡಾ 59ರಷ್ಟು ಮಂದಿ ತೈಲ ತೆಗೆಯುವುದನ್ನು ನಿಲ್ಲಿಸಿ ಎಂದು ಮತ ಹಾಕಿದರು. ಯಾರೂ ಹಣ ಕೊಡದಿದ್ದಾಗಲೂ, ಆದಾಯ ನಷ್ಟವಾಗುತ್ತದೆಂದು ಗೊತ್ತಿದ್ದೂ ಅವರು ಹಾಗೆ ಹೇಳಿದರು. ಬಾವಿಗಳನ್ನು ಮುಚ್ಚುವ ಕೆಲಸ 2024ರಲ್ಲಿ ಬಹಳ ನಿಧಾನವಾಗಿ ಆರಂಭವಾಯಿತು. ಆದರೂ ಆ ಮತದ ತೂಕವನ್ನು ಯಾವ ಡಾಲರಿನ ತಕ್ಕಡಿಯೂ ತೋರಿಸಲಾರದು. ಶ್ರೀಮಂತ ದೇಶಗಳ ಸಾಲ ಇದರಿಂದ ತೀರುವುದಿಲ್ಲ. 2025ರಲ್ಲಿ ಬ್ರೆಜಿಲ್ ಮುಂದಾಗಿ ಆರಂಭಿಸಿದ ಉಷ್ಣವಲಯದ ಕಾಡುಗಳ ನಿಧಿ, ಉಳಿಸಿದ ಕಾಡಿಗೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 4 ಡಾಲರ್ ಕೊಡುವ ಉದ್ದೇಶ ಹೊಂದಿದೆ. ಅದರಲ್ಲಿ ಐದನೇ ಒಂದು ಪಾಲು ಕಾಡಿನಲ್ಲಿ ಬದುಕುವ ಸಮುದಾಯಗಳಿಗೆ ಹೋಗಬೇಕೆಂಬ ಮಾತಿದೆ. ಮೊತ್ತ ಸಣ್ಣದು, ದಾರಿ ಸರಿಯಾದದ್ದು.

ನಾವು ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಕಾಡಿಗೆ ಬೆಲೆ ಕಟ್ಟಬಹುದೇ? ಕಟ್ಟಬಹುದು, ಕಟ್ಟಬೇಕು. ಕಟ್ಟದಿದ್ದರೆ ಅದನ್ನು ಪುಕ್ಕಟೆ ಎಂದುಕೊಳ್ಳುತ್ತಾರೆ. ಆದರೆ ಆ ಬೆಲೆ ನಮ್ಮನ್ನು ಎಚ್ಚರಿಸುವುದಕ್ಕೆ ಇರಬೇಕು. ಹಣ ಕೊಟ್ಟವನಿಗೆ ಕಡಿಯುವ ಹಕ್ಕು ಬಂತು ಎನ್ನುವುದಕ್ಕೆ ಅದು ರಶೀದಿಯಾಗಬಾರದು.

ನಿಮ್ಮ ಜಿಲ್ಲೆಯಲ್ಲಿ ನಾಳೆ ಒಂದು ಯೋಜನೆ ಬರಬಹುದು. ಅದು ರಸ್ತೆಯ ಅಗಲೀಕರಣ ಇರಬಹುದು, ವಿದ್ಯುತ್ ಸ್ಥಾವರ ಇರಬಹುದು. ನಮಗೆ ರಸ್ತೆಯೂ ಬೇಕು, ವಿದ್ಯುತ್ತೂ ಬೇಕು. ಎಲ್ಲವನ್ನೂ ಕಣ್ಣುಮುಚ್ಚಿ ವಿರೋಧಿಸುವುದು ಜವಾಬ್ದಾರಿಯ ಲಕ್ಷಣವಲ್ಲ. ಆದರೆ ಸಾರ್ವಜನಿಕ ಅಹವಾಲು ಸಭೆ ಕರೆದಾಗ ಹೋಗಿ ನಾಲ್ಕು ಪ್ರಶ್ನೆ ಕೇಳಿ. ಒಂದು, ಇದರ ಲಾಭ ಯಾರಿಗೆ, ನಷ್ಟ ಯಾರಿಗೆ? ಎರಡು, ಇದೇ ಉದ್ದೇಶ ಕಾಡು ಕಡಿಯದೆ ಈಡೇರುವ ಬೇರೆ ದಾರಿಯನ್ನು ನಿಜವಾಗಿ ಹುಡುಕಿದ್ದೀರಾ? ಮೂರು, ತಪ್ಪಾಯಿತೆಂದು ಮುಂದೆ ಗೊತ್ತಾದರೆ ಇದನ್ನು ಮೊದಲಿನಂತೆ ಮಾಡಬಹುದೇ? ನಾಲ್ಕು, ಅಲ್ಲೇ ಬದುಕುತ್ತಿರುವವರ ಒಪ್ಪಿಗೆ ಕೇಳಿದ್ದೀರಾ?

ಮೂರನೆಯ ಪ್ರಶ್ನೆಗೆ ಮಾತ್ರ ವಿಶೇಷ ಗಮನ ಕೊಡಿ. ನಿಂತ ಗಣಿಯ ಬದಲು ಇನ್ನೊಂದು ಉದ್ಯೋಗ ಹುಡುಕಬಹುದು, ಕಷ್ಟವಾದರೂ ಸಾಧ್ಯ. ತಡವಾದ ರಸ್ತೆಯನ್ನು ಹತ್ತು ವರ್ಷ ಬಿಟ್ಟು ಮಾಡಬಹುದು. ನಿತ್ಯಹರಿದ್ವರ್ಣ ಕಾಡನ್ನು ಒಮ್ಮೆ ಬೇರುಸಹಿತ ಕಿತ್ತ ಮೇಲೆ ನಮ್ಮ ಮಕ್ಕಳ ಆಯುಸ್ಸಿನಲ್ಲಿ, ಅವರ ಮಕ್ಕಳ ಆಯುಸ್ಸಿನಲ್ಲಿ ಅದು ಮರಳಿ ಬರುವುದಿಲ್ಲ. ಅವರು ನಮ್ಮಲ್ಲಿ ಲೆಕ್ಕ ಕೇಳಿದರೆ, ಹೆಕ್ಟೇರಿಗೆ ಇಷ್ಟು ಲಕ್ಷ ಕಟ್ಟಿಸಿಕೊಂಡಿದ್ದೆವು ಎಂಬ ಉತ್ತರ ಸಾಕಾಗುತ್ತದೆಯೇ? ನೀವೇ ಹೇಳಿ.